ಮಿದುಳ ಕಾಂಡದ ಅರ್ಬುದವೂ ಅದರ ಅಳತೆಯೂ

ಅರ್ಬುದವೆಂಬ ಸಂಸ್ಕೃತ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ಒಂದು, ದೇಹದಲ್ಲಿ ಬೆಳೆಯುವ ಗಡ್ಡೆ. ಇನ್ನೊಂದು, ಕೋಟಿಗಳಲ್ಲಿ ಎಣಿಸತಕ್ಕ ಮಹಾಸಂಖ್ಯೆ. ಸುಶ್ರುತಸಂಹಿತೆಯ ನಿದಾನಸ್ಥಾನವು ಗಡ್ಡೆಯಾದ ಅರ್ಬುದವನ್ನು ವರ್ಣಿಸುವಾಗ ಅದು ದುಂಡಗಿರುವುದೆಂದೂ, ಅಲುಗದೆ ನಿಲ್ಲುವುದೆಂದೂ, ಬಹುಕಾಲಕ್ಕೆ ಬೆಳೆಯುವುದೆಂದೂ, ಪಕ್ವವಾಗಿ ಕೀವುಗಟ್ಟದೆಂದೂ ಹೇಳುತ್ತದೆ. ಕೈಗೆ ಸಿಕ್ಕುವ ಗಡ್ಡೆಗಳಿಗೆ ಈ ಲಕ್ಷಣವು ಬಹುಮಟ್ಟಿಗೆ ಹೊಂದುವುದು. ಆದರೆ ಎಳೆಯ ಮಕ್ಕಳ ಮಿದುಳ ಕಾಂಡದಲ್ಲಿ ಹುಟ್ಟುವ ಒಂದು ಅರ್ಬುದವು ದುಂಡಗೂ ಇರದು, ನಿಧಾನವಾಗಿಯೂ ಬೆಳೆಯದು. ದುಂಡಗಿಲ್ಲದುದನ್ನು ಅಳೆಯುವ ಬಗೆ ಹೇಗೆ, ಅಳೆದು ಬಂದ ಅಂಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಪ್ರಕೃತ ವಿಷಯ.

ಮಿದುಳಿಗೂ ಬೆನ್ನುಹುರಿಗೂ ನಡುವೆ ಇರುವ ಕಿರಿದಾದ ಭಾಗವೇ ಮಿದುಳ ಕಾಂಡ. ಅದರ ಮಧ್ಯಭಾಗಕ್ಕೆ ಪಾನ್ಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಈ ಪದಕ್ಕೆ ಸೇತುವೆ ಎಂದರ್ಥ. ಕೈಕಾಲುಗಳನ್ನು ಆಡಿಸುವ ತಂತುಗಳು ಈ ಸೇತುವೆಯನ್ನು ಹಾದುಹೋಗುತ್ತವೆ. ಕಣ್ಣನ್ನು ಹೊರಳಿಸುವ, ಮುಖವನ್ನು ಚಲಿಸುವ ನರಗಳ ಮೂಲಗಳೂ ಇಲ್ಲಿಯೇ ಒತ್ತಾಗಿ ಸೇರಿವೆ. ಇಲ್ಲಿ ಹುಟ್ಟುವ ಈ ರೋಗಕ್ಕೆ ಡಿ.ಐ.ಪಿ.ಜಿ. ಎಂಬ ಹ್ರಸ್ವನಾಮವು ರೂಢಿಯಲ್ಲಿದೆ. ಪಾನ್ಸಿನೊಳಗೆ ಹರಡಿಕೊಂಡ ಗ್ಲಯೋಮ ಎಂದು ಅದರ ತಾತ್ಪರ್ಯ. ಬಹುತರವಾಗಿ ಇದು ೫ರಿಂದ ೧೦ ವರ್ಷದ ಮಕ್ಕಳಲ್ಲಿ ಕಾಣಿಸುತ್ತದೆ. ಕಣ್ಣು ಮೆಳ್ಳೆಯಾಗುವುದು, ಒಂದು ವಸ್ತು ಎರಡಾಗಿ ತೋರುವುದು, ಬಾಯಿ ಸೊಟ್ಟಗಾಗುವುದು, ನಡೆಯುವಾಗ ತೂರಾಡುವುದು, ಇವು ಕೆಲವೇ ವಾರಗಳಲ್ಲಿ ಒಂದರ ಹಿಂದೊಂದು ಬರುತ್ತವೆ. ಜೀವಾಧಾರವಾದ ತಂತುಗಳ ನಡುವೆಯೇ ರೋಗವು ಹೆಣೆದುಕೊಂಡಿರುವುದರಿಂದ ಶಸ್ತ್ರದಿಂದ ಅದನ್ನು ತೆಗೆದುಹಾಕುವುದು ಅಸಾಧ್ಯ. ಸುಮಾರು ಆರು ವಾರಗಳ ಕಾಲ ಕೊಡುವ ವಿಕಿರಣ ಚಿಕಿತ್ಸೆಯಿಂದ ಹೆಚ್ಚಿನ ಮಕ್ಕಳು ಕೆಲವು ತಿಂಗಳು ಚೇತರಿಸಿಕೊಳ್ಳುತ್ತಾರೆ; ಆಮೇಲೆ ರೋಗವು ಮರಳುತ್ತದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದು ವರ್ಷವನ್ನು ದಾಟುವುದಿಲ್ಲ. ಎರಡು ವರ್ಷ ಬದುಕುವವರು ಹತ್ತರಲ್ಲಿ ಒಬ್ಬರಿಗಿಂತ ಕಡಮೆ. ಆಯುಸ್ಸನ್ನು ತಿಂಗಳುಗಳಲ್ಲಿ ಎಣಿಸಬೇಕಾದ ಇಂಥ ರೋಗದಲ್ಲಿ ಒಂದು ಅಳತೆಯು ತಪ್ಪಿದರೆ ಕಳೆದುಹೋಗುವ ಕಾಲವು ಅಲ್ಪವೆನಿಸದು.

೧೮೯೫ರಲ್ಲಿ ರಂಟ್ಜನ್ ಪಂಡಿತನು ಕಂಡುಹಿಡಿದ ಕ್ಷಕಿರಣಗಳು ಎಲುಬನ್ನು ತೋರಿಸಿದುವೇ ಹೊರತು ಮಿದುಳನ್ನು ತೋರಿಸಲಿಲ್ಲ. ೧೯೭೧ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲಸಲ ರೋಗಿಯೊಬ್ಬರ ಮಿದುಳನ್ನು ಪದರಪದರವಾಗಿ ತೋರಿಸಿತು. ಆದರೆ ಮಿದುಳ ಕಾಂಡದ ಸುತ್ತ ದಪ್ಪನೆಯ ಎಲುಬುಗಳಿರುವುದರಿಂದ ಆ ಭಾಗದ ಚಿತ್ರವು ಗೆರೆಗೆರೆಯಾಗಿ ಕೆಡುತ್ತಿತ್ತು. ೧೯೭೩ರಲ್ಲಿ ಲಾಟರ್ಬರನು ಪ್ರಕಟಿಸಿದ ತತ್ತ್ವದಿಂದ ಬೆಳೆದ ಎಂ.ಆರ್.ಐ. ವಿಧಾನಕ್ಕೆ ಈ ಅಡ್ಡಿಯಿಲ್ಲ. ಅದು ಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ದೇಹದ ನೀರಿನಲ್ಲಿರುವ ಜಲಜನಕದ ಸ್ಪಂದನವನ್ನು ಹಿಡಿದು ಚಿತ್ರವಾಗಿ ಬರೆಯುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಟಿ-೨ ಮತ್ತು ಫ್ಲೇರ್ ಎಂಬ ಬಗೆಯ ಚಿತ್ರಗಳಲ್ಲಿ ಬೆಳ್ಳಗೆ ಕಾಣುವುದು ಅರ್ಬುದದ ಕಣಗಳಲ್ಲ, ಹೆಚ್ಚಾದ ನೀರಿನಂಶ. ಅರ್ಬುದವಿದ್ದ ಕಡೆಯೂ ಬೆಳ್ಳಗೆ, ಬರಿಯ ಬಾವಿದ್ದ ಕಡೆಯೂ ಬೆಳ್ಳಗೆ.

ಇನ್ನು ಅಳತೆಯ ಕ್ರಮ. ೧೯೭೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಕೈಪಿಡಿಯಲ್ಲಿ ಗಡ್ಡೆಯ ಅತಿ ಉದ್ದದ ವ್ಯಾಸವನ್ನೂ ಅದಕ್ಕೆ ಲಂಬವಾದ ವ್ಯಾಸವನ್ನೂ ಅಳೆದು ಗುಣಿಸುವ ಪದ್ಧತಿಯು ನಿರೂಪಿತವಾಗಿತ್ತು. ೧೯೯೦ರಲ್ಲಿ ಮ್ಯಾಕ್‌ಡೊನಾಲ್ಡ್ ಮುಂತಾದ ವೈದ್ಯರು ಇದನ್ನು ಮಿದುಳ ಗಡ್ಡೆಗಳಿಗೆ ಅನ್ವಯಿಸಿದರು. ಅವರು ಅಳೆದದ್ದು ರಕ್ತನಾಳಕ್ಕೆ ಔಷಧವನ್ನು ಕೊಟ್ಟಾಗ ಹೊಳೆಯುವ ಭಾಗವನ್ನು; ಪಾನ್ಸಿನ ರೋಗದಲ್ಲಿ ಹೊಳೆಯುವ ಭಾಗವು ಬಹಳ ಸಲ ಅತ್ಯಲ್ಪ, ಕೆಲವು ಸಲ ಇಲ್ಲವೇ ಇಲ್ಲ. ಆದುದರಿಂದ ಮಕ್ಕಳ ನರಾರ್ಬುದಗಳಿಗಾಗಿ ಏರ್ಪಟ್ಟ ರಾಪ್ನೋ ಎಂಬ ಅಂತರರಾಷ್ಟ್ರೀಯ ಮಂಡಲಿಯು ೨೦೨೦ರಲ್ಲಿ ಈ ರೋಗಕ್ಕೆ ಪ್ರತ್ಯೇಕ ನಿಯಮಗಳನ್ನು ವಿಧಿಸಿತು. ಟಿ-೨ ಅಥವಾ ಫ್ಲೇರ್ ಚಿತ್ರದಲ್ಲಿ ಎರಡು ವ್ಯಾಸಗಳನ್ನು ಗುಣಿಸಬೇಕು. ಗುಣಲಬ್ಧವು ಶೇಕಡಾ ೨೫ರಷ್ಟು ತಗ್ಗಿ ಎಂಟು ವಾರಗಳಾದರೂ ಹಾಗೆಯೇ ನಿಂತರೆ ರೋಗವು ಮಣಿಯಿತೆಂದೂ, ಹಿಂದಿನ ಅತಿ ಕಿರಿಯ ಅಳತೆಗಿಂತ ಶೇಕಡಾ ೨೫ರಷ್ಟು ಏರಿದರೆ ಬೆಳೆಯಿತೆಂದೂ ತಿಳಿಯಬೇಕು.

ನಿಯಮವು ಸರಳವಾಗಿದೆ, ತೊಡಕಿರುವುದು ಅಂಚಿನಲ್ಲಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ರೈತನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಒಡ್ಡು ಹಾಕಿದ ಹೊಲವನ್ನು ಸರಪಳಿ ಹಿಡಿದು ಗುಂಟೆಯ ಲೆಕ್ಕದಲ್ಲಿ ಅಳೆಯಬಹುದು. ಕಾಲುವೆಯ ನೀರನ್ನು ಅತಿಯಾಗಿ ಉಂಡ ಎರೆನೆಲದಲ್ಲಿ ಜವಳು ಏಳುವುದಷ್ಟೆ. ಅದು ಎಲ್ಲಿ ಮೊದಲಾಯಿತು, ಎಲ್ಲಿ ಮುಗಿಯಿತು ಎಂದು ಗೂಟ ನೆಡಲು ಹೊರಟವರಿಬ್ಬರು ಒಂದೇ ಸ್ಥಳದಲ್ಲಿ ನೆಡುವುದಿಲ್ಲ. ಪಾನ್ಸಿನ ಅರ್ಬುದವು ಹೊಲದಂತಲ್ಲ, ಜವಳಿನಂತೆ.

ಇದರ ಪರಿಣಾಮವನ್ನು ಲೆಕ್ಕದಿಂದಲೇ ಕಾಣಬಹುದು. ಒಂದು ಅರ್ಬುದದ ವ್ಯಾಸಗಳು ೪೦ ಮತ್ತು ೩೫ ಮಿಲಿಮೀಟರ್ ಇವೆಯೆಂದು ಇಟ್ಟುಕೊಂಡರೆ ಗುಣಲಬ್ಧವು ೧೪೦೦. ಇದು ೧೭೫೦ ಆದಾಗ ರೋಗವು ಬೆಳೆಯಿತೆಂದು ಘೋಷಿಸತಕ್ಕದ್ದು. ಈಗ ಅದೇ ಚಿತ್ರವನ್ನು ಬೇರೊಬ್ಬ ತಜ್ಞನು ನೋಡಿ ನಾಲ್ಕು ಕಡೆಯ ಅಂಚುಗಳನ್ನೂ ಎರಡೆರಡು ಮಿಲಿಮೀಟರ್ ಹೊರಗೆ ಗುರುತಿಸಿದನೆನ್ನೋಣ. ವ್ಯಾಸಗಳು ೪೪ ಮತ್ತು ೩೯, ಗುಣಲಬ್ಧ ೧೭೧೬. ಅರ್ಬುದವು ಕೂದಲೆಳೆಯಷ್ಟೂ ಬೆಳೆಯದೆ ಅಂಕೆಯು ಶೇಕಡಾ ೨೨ಕ್ಕೂ ಮಿಕ್ಕು ಬೆಳೆಯಿತು. ನಿಯಮದ ಗಡಿಯೂ ನೋಟದ ದೋಷವೂ ಬಹುಮಟ್ಟಿಗೆ ಒಂದೇ ಅಳತೆಯವಾಗಿವೆ.

ಅಂಕಲಗಿಯಂಥ ಊರಿನಿಂದ ಹೊರಡುವವರ ದಾರಿಯನ್ನು ನೋಡಿದರೆ ಈ ತೊಡಕು ಇಮ್ಮಡಿಸುವುದು ತಿಳಿಯುತ್ತದೆ. ಅಲ್ಲಿಯ ಮಗುವೊಂದಕ್ಕೆ ಈ ರೋಗವು ಬಂದಿತೆಂದು ಭಾವಿಸಿದರೆ, ಮೊದಲ ಚಿತ್ರವನ್ನು ಬೆಳಗಾವಿಯಲ್ಲಿ ತೆಗೆಸಿ, ಬೆಂಗಳೂರಿನ ನಿಮ್ಹಾನ್ಸ್ ಅಥವಾ ಕಿದ್ವಾಯಿ ಸಂಸ್ಥೆಗೋ, ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೋ ಹೋಗಿ, ಮತ್ತೆ ಊರಿಗೆ ಬಂದು ಮುಂದಿನ ಚಿತ್ರವನ್ನು ಬೇರೊಂದು ಕಡೆ ತೆಗೆಸುವುದು ಸಂಭವನೀಯ. ಒಂದು ಯಂತ್ರವು ೫ ಮಿಲಿಮೀಟರ್ ದಪ್ಪದ ಪದರಗಳಲ್ಲಿ ಚಿತ್ರಿಸಿದರೆ ಇನ್ನೊಂದು ೧ ಮಿಲಿಮೀಟರಿನ ಪದರಗಳಲ್ಲಿ ಚಿತ್ರಿಸುತ್ತದೆ. ಮಗುವಿನ ತಲೆಯು ಈ ಸಲ ತುಸು ವಾಲಿದ್ದರೆ ಪದರವು ಓರೆಯಾಗಿ ಕತ್ತರಿಸಿ ವ್ಯಾಸವು ಹಿಗ್ಗುತ್ತದೆ. ಗ್ರಂಥಸಂಪಾದನೆಯಲ್ಲಿ ಎರಡು ಪ್ರತಿಗಳ ಪಾಠಭೇದವು ಕವಿಯದೋ ಲಿಪಿಕಾರನದೋ ಎಂದು ವಿವೇಚಿಸದೆ ಯಾರೂ ತೀರ್ಮಾನಕ್ಕೆ ಬಾರರು. ಇಲ್ಲಿಯೂ ಹಾಗೆಯೇ: ಭೇದವು ರೋಗದ್ದೋ ಯಂತ್ರದ್ದೋ ಎಂಬ ವಿವೇಚನೆಯು ಅಳತೆಗಿಂತ ಮೊದಲು ನಡೆಯತಕ್ಕದ್ದು.

ಚಿಕಿತ್ಸೆಯೂ ಚಿತ್ರವನ್ನು ಮರೆಸುವುದುಂಟು. ವಿಕಿರಣವು ಮುಗಿದ ಮೊದಲ ಕೆಲವು ತಿಂಗಳಲ್ಲಿ ಪೆಟ್ಟುತಿಂದ ಭಾಗವು ಬಾತು, ರೋಗವು ಬೆಳೆಯಿತೆಂಬ ಭ್ರಮೆಯನ್ನು ಹುಟ್ಟಿಸುತ್ತದೆ. ಇದನ್ನು ಮಿಥ್ಯಾವೃದ್ಧಿ ಎನ್ನಬಹುದು. ಕಾಲ ಕಳೆದಂತೆ ತಾನಾಗಿ ಇಳಿಯುತ್ತದೆ. ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧವು ಇದಕ್ಕೆ ವಿಪರೀತವಾಗಿ ಬಾವನ್ನು ಇಳಿಸಿ, ಅರ್ಬುದವು ಕುಗ್ಗದಿದ್ದರೂ ಕುಗ್ಗಿದಂತೆ ತೋರಿಸುತ್ತದೆ. ಮಿಥ್ಯಾವೃದ್ಧಿಯನ್ನು ನಿಜವೆಂದು ನಂಬಿದರೆ ಗುಣಕೊಡುತ್ತಿದ್ದ ಚಿಕಿತ್ಸೆಯು ನಿಲ್ಲುತ್ತದೆ; ಕುಗ್ಗಿದ ತೋರಿಕೆಯನ್ನು ನಂಬಿದರೆ ಗುಣಕೊಡದ ಔಷಧವು ಮುಂದುವರಿಯುತ್ತದೆ. ಆದುದರಿಂದಲೇ ರಾಪ್ನೋ ನಿಯಮಗಳು ಅಂಕೆಯೊಂದನ್ನೇ ಪ್ರಮಾಣವಾಗಿ ಹಿಡಿಯದೆ, ಮಗುವಿನ ನಡಿಗೆ, ನೋಟ, ನುಂಗುವಿಕೆಗಳ ಸ್ಥಿತಿಯನ್ನೂ ಸ್ಟೀರಾಯ್ಡಿನ ಪ್ರಮಾಣವನ್ನೂ ಕೂಡಿಸಿ ನೋಡಬೇಕೆಂದು ವಿಧಿಸುತ್ತವೆ.

ಅಳತೆಗೆ ಸಿಕ್ಕದಿರುವುದರ ನಷ್ಟವು ಇಷ್ಟಕ್ಕೇ ಮುಗಿಯುವುದಿಲ್ಲ. ಈ ಅರ್ಬುದಗಳಲ್ಲಿ ಹೆಚ್ಚಿನವುಗಳಿಗೆ ಹಿಸ್ಟೋನ್ ಎಂಬ ಸಸಾರಜನಕದ ಒಂದು ವಿಕಾರವು ಮೂಲವೆಂದು ೨೦೧೨ರಲ್ಲಿ ಗೊತ್ತಾಯಿತು. ಆ ವಿಕಾರವುಳ್ಳ ಮಿದುಳ ಅರ್ಬುದಗಳಿಗೆ, ಚಿಕಿತ್ಸೆಯ ಬಳಿಕ ಮತ್ತೆ ಬೆಳೆದಾಗ ಕೊಡತಕ್ಕ ಡಾರ್ಡಾವಿಪ್ರೋನ್ ಎಂಬ ಔಷಧಕ್ಕೆ ೨೦೨೫ರ ಆಗಸ್ಟಿನಲ್ಲಿ ಅಮೆರಿಕದ ಔಷಧ ಆಡಳಿತವು ತ್ವರಿತ ಅನುಮೋದನೆಯನ್ನು ಕೊಟ್ಟಿತು. ಅದಕ್ಕೆ ಆಧಾರವಾಗಿದ್ದುದು ೫೦ ಮಂದಿ ರೋಗಿಗಳ ಫಲಿತಾಂಶ. ಅಳೆಯಲು ಯೋಗ್ಯವಾದ ಗಡ್ಡೆಯಿರಬೇಕೆಂಬುದು ಅವರನ್ನು ಆರಿಸುವಾಗ ಇಟ್ಟ ನಿಯಮಗಳಲ್ಲೊಂದು. ಪಾನ್ಸಿನಲ್ಲಿ ಹರಡಿದ ಅರ್ಬುದವುಳ್ಳವರನ್ನು ಆ ಗುಂಪಿನಲ್ಲಿ ಸೇರಿಸಿರಲಿಲ್ಲ.

ಎರಡು ವ್ಯಾಸಗಳ ಬದಲು ಎಲ್ಲ ಪದರಗಳಲ್ಲೂ ಅಂಚನ್ನು ಬರೆದು ಘನಗಾತ್ರವನ್ನು ಲೆಕ್ಕಹಾಕುವ ಪದ್ಧತಿಯೂ, ಅಂಚನ್ನು ಗಣಕಯಂತ್ರದಿಂದಲೇ ಬರೆಸುವ ಪ್ರಯತ್ನವೂ ನಡೆದಿವೆ. ಯಂತ್ರವು ಪ್ರತಿಸಲವೂ ಒಂದೇ ರೀತಿಯಾಗಿ ಗೆರೆಯೆಳೆಯುವುದರಿಂದ ನೋಟದ ಭೇದವು ತಗ್ಗುತ್ತದೆ. ಆದರೆ ನೀರು ಅರ್ಬುದದ್ದೋ ಬಾವಿನದ್ದೋ ಎಂಬ ಸಂಶಯವು ಅದರಿಂದ ತೀರುವುದಿಲ್ಲ. ಅಲ್ಲಿಯವರೆಗೆ ಆಚರಿಸತಕ್ಕ ಎಚ್ಚರಿಕೆಗಳು ಸರಳವಾದುವೇ ಆಗಿವೆ: ಸಾಧ್ಯವಾದಷ್ಟು ಒಂದೇ ಯಂತ್ರದಲ್ಲಿ, ಒಂದೇ ಕ್ರಮದಲ್ಲಿ ಚಿತ್ರ ತೆಗೆಸುವುದು, ಹಳೆಯ ಹೊಸ ಚಿತ್ರಗಳೆರಡನ್ನೂ ಒಬ್ಬನೇ ತಜ್ಞನು ಮಗ್ಗುಲಲ್ಲಿಟ್ಟು ಅಳೆಯುವುದು, ಸಂಶಯವಿದ್ದರೆ ಕೆಲವು ವಾರ ಕಾದು ಮತ್ತೆ ನೋಡುವುದು. ಮನೆಯವರು ವರದಿಯ ಕಾಗದವನ್ನು ಮಾತ್ರವಲ್ಲದೆ ಚಿತ್ರಗಳ ಮೂಲಪ್ರತಿಯುಳ್ಳ ಡಿಸ್ಕನ್ನೂ ಕೇಳಿ ಪಡೆದು ಜೋಪಾನವಾಗಿಟ್ಟುಕೊಳ್ಳುವುದು ಅವಶ್ಯ. ವರದಿಯಲ್ಲಿರುವುದು ಒಬ್ಬರು ಒಮ್ಮೆ ಬರೆದ ಅಂಕೆ. ಚಿತ್ರವಿದ್ದರೆ ಅದನ್ನು ಇನ್ನೊಬ್ಬರು ಮತ್ತೆ ಅಳೆದು ನೋಡಬಹುದು.