ಕಂಪನಿಗಳು ಒಂದಾದಾಗ ಭೂಮಿ ಕೊಟ್ಟವರ ಪಾಡೇನು?



ಕುತ್ತೆತ್ತೂರು, ಪೆರ್ಮುದೆ, ಕಳವಾರು, ಬಜ್ಪೆ ಕಡೆಯ ಜನರಿಗೆ ಎಂ.ಆರ್.ಪಿ.ಎಲ್. ಹೊಸ ಹೆಸರಲ್ಲ. ಆದರೆ ಈ ಕಂಪನಿ ಇಂದು ಯಾರದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಕೇಳಿದರೆ ಸ್ಪಷ್ಟವಾಗಿ ಹೇಳುವವರು ಕಡಿಮೆ. ಕಂಪನಿಗಳ ಖರೀದಿ, ವಿಲೀನ ಶೇರು ಪೇಟೆಯವರ ವಿಷಯವೆಂದು ನಾವು ಬಿಟ್ಟುಬಿಡುತ್ತೇವೆ. ಭೂಮಿ ಕೊಟ್ಟ ಕುಟುಂಬಗಳಿಗೂ ಅವರ ನೆರವಿಗೆ ನಿಲ್ಲುವ ಧರ್ಮಕೇಂದ್ರಗಳ ಕಾರ್ಯಕರ್ತರಿಗೂ ಇದು ತಿಳಿದಿರಬೇಕು.

ಕಡಲಿನಿಂದ ದಡಕ್ಕೆ

ಓ.ಎನ್.ಜಿ.ಸಿ. 1956ರಲ್ಲಿ ತೈಲ ಮತ್ತು ಅನಿಲ ಹುಡುಕುವ ಸರಕಾರಿ ಆಯೋಗವಾಗಿ ರೂಪುಗೊಂಡಿತು. 1974ರಲ್ಲಿ 'ಸಾಗರ ಸಮ್ರಾಟ್' ಹಡಗು ಮುಂಬಯಿಯ ಕಡಲಾಚೆ ಬಾಂಬೆ ಹೈಯಲ್ಲಿ ತೈಲ ಪತ್ತೆ ಹಚ್ಚಿದ ಮೇಲೆ ಅದು ದೇಶದ ಪ್ರಮುಖ ಕಡಲ ತೈಲ ಕಂಪನಿಯಾಯಿತು. ಆದರೆ ಕಚ್ಚಾ ತೈಲವನ್ನು ಶುದ್ಧೀಕರಿಸುವ ದೊಡ್ಡ ಸ್ಥಾವರ ಅದಕ್ಕೆ ಇರಲಿಲ್ಲ.

ಇತ್ತ ಮಂಗಳೂರಿನ ಕಂಪನಿಯನ್ನು ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಆದಿತ್ಯ ಬಿರ್ಲಾ ಸಮೂಹ 1988ರಲ್ಲಿ ಜಂಟಿಯಾಗಿ ಸ್ಥಾಪಿಸಿದ್ದವು. 1996ರಲ್ಲಿ ಉತ್ಪಾದನೆ ಆರಂಭವಾಯಿತು. ಮುಂದೆ ಕಂಪನಿ ನಷ್ಟಕ್ಕೆ ಸಿಲುಕಿತು. 2003ರ ಮಾರ್ಚ್‌ನಲ್ಲಿ ಓ.ಎನ್.ಜಿ.ಸಿ. ಬಿರ್ಲಾ ಸಮೂಹದ ಪಾಲನ್ನು ಕೊಂಡು, ರೂ. 600 ಕೋಟಿ ಬಂಡವಾಳ ಹಾಕಿತು. ಇಂದು ಅದರ ಪಾಲು ಶೇ. 71ಕ್ಕೂ ಹೆಚ್ಚು.

2018ರಲ್ಲಿ ಓ.ಎನ್.ಜಿ.ಸಿ. ಕೇಂದ್ರ ಸರಕಾರದಿಂದ ಹಿಂದೂಸ್ತಾನ್ ಪೆಟ್ರೋಲಿಯಂನ ಶೇ. 51.11 ಪಾಲನ್ನು ರೂ. 36,915 ಕೋಟಿಗೆ ಕೊಂಡಿತು. 2022ರಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದಲ್ಲಿದ್ದ ಓ.ಎಂ.ಪಿ.ಎಲ್. ಎಂಬ ಪೆಟ್ರೋರಾಸಾಯನಿಕ ಕಂಪನಿ ಎಂ.ಆರ್.ಪಿ.ಎಲ್.ನಲ್ಲಿ ವಿಲೀನವಾಯಿತು.

ಖರೀದಿ ಬೇರೆ, ವಿಲೀನ ಬೇರೆ

2003ರಲ್ಲಿ ಆದದ್ದು ಖರೀದಿ. ಮನೆಯ ಯಜಮಾನ ಬದಲಾದ, ಮನೆ ಹಾಗೆಯೇ ಉಳಿಯಿತು. ಎಂ.ಆರ್.ಪಿ.ಎಲ್. ಎಂಬ ಕಂಪನಿ ಮಾಡಿದ ಕರಾರುಗಳು ಅದರ ಮೇಲೆಯೇ ಉಳಿದವು. 2022ರಲ್ಲಿ ಆದದ್ದು ವಿಲೀನ. ಇಲ್ಲಿ ಎರಡು ಮನೆ ಒಂದಾಗಿ, ಒಂದರ ಡೋರ್ ನಂಬರು ಅಳಿಸಿಹೋಗುತ್ತದೆ. 2013ರ ಕಂಪನಿ ಕಾಯ್ದೆಯಡಿ ಮಂಜೂರಾಗುವ ವಿಲೀನ ಯೋಜನೆಯಂತೆ ಅಳಿದ ಕಂಪನಿಯ ಆಸ್ತಿಯ ಜೊತೆಗೆ ಸಾಲ, ಕರಾರು, ನೌಕರರು, ಬಾಕಿ ಇರುವ ವ್ಯಾಜ್ಯಗಳೂ ಉಳಿದ ಕಂಪನಿಗೆ ಸೇರುತ್ತವೆ. ಆದುದರಿಂದ 'ಆ ಕಂಪನಿಯೇ ಈಗ ಇಲ್ಲ' ಎಂಬ ಉತ್ತರಕ್ಕೆ ಯಾರೂ ಹಿಂದೆ ಸರಿಯಬೇಕಾಗಿಲ್ಲ.

ಆದರೆ ಬಾಯಿಮಾತಿನ ಭರವಸೆ ಹೀಗೆ ಕೈ ದಾಟುವುದಿಲ್ಲ. ಸಭೆಯಲ್ಲಿ ಅಧಿಕಾರಿ ಹೇಳಿದ ಮಾತಿಗೆ ಕಾಗದ ಇಲ್ಲದಿದ್ದರೆ ಹೊಸ ಆಡಳಿತದ ಕಡತದಲ್ಲಿ ಅದಕ್ಕೆ ಜಾಗವಿಲ್ಲ.

ಪಾವಗಡದ ಪಾಠ

2025ರಲ್ಲಿ ಓ.ಎನ್.ಜಿ.ಸಿ. ಮತ್ತು ಎನ್.ಟಿ.ಪಿ.ಸಿ.ಯ ಹಸಿರು ಇಂಧನ ಕಂಪನಿಗಳ ಜಂಟಿ ಸಂಸ್ಥೆ 'ಅಯಾನಾ' ಎಂಬ ನವೀಕರಿಸಬಹುದಾದ ಇಂಧನ ಕಂಪನಿಯನ್ನು ಕೊಂಡಿತು. ವ್ಯವಹಾರದ ಮೌಲ್ಯ ಸಾಲವೂ ಸೇರಿ ಸುಮಾರು ರೂ. 19,500 ಕೋಟಿ. ಕಡಲ ತೈಲದ ಕಂಪನಿ ಹೀಗೆ ಬಿಸಿಲಿಗೂ ಕೈಹಾಕಿದೆ. ಬಿಸಿಲಿನ ವಿದ್ಯುತ್ತಿಗೂ ಭೂಮಿ ಬೇಕು. ಆ ಅನುಭವ ನಮ್ಮ ರಾಜ್ಯದಲ್ಲಿ ಎದ್ದು ಕಾಣುವುದು ತುಮಕೂರು ಜಿಲ್ಲೆಯಲ್ಲಿ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳು ಬರಗಾಲ ಕಂಡ ನಾಡು. ಪಾವಗಡದ ತಿರುಮಣಿ, ವಳ್ಳೂರು ಮುಂತಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಇದು ಓ.ಎನ್.ಜಿ.ಸಿ.ಯದಲ್ಲ. ಇಲ್ಲಿ ರೈತರು ಭೂಮಿ ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ರೂ. 21,000 ಎಂದು ಆರಂಭವಾದ ಬಾಡಿಗೆ ಎರಡು ವರ್ಷಕ್ಕೊಮ್ಮೆ ಶೇ. 5 ಏರುತ್ತದೆ. ಗುತ್ತಿಗೆ ಪಡೆದದ್ದು ಸರಕಾರಿ ನಿಗಮ. ಒಳಗಿನ ಸ್ಥಾವರಗಳ ಒಡೆತನ ಬದಲಾದರೂ ಪಹಣಿ ರೈತನ ಹೆಸರಿನಲ್ಲೇ ಇರುತ್ತದೆ.

ಆದರೆ ಪಹಣಿ ಇಲ್ಲದವರಿಗೆ ಬಾಡಿಗೆ ಇಲ್ಲ. ಕಡಲೆಕಾಯಿ ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಅಲ್ಲಿ ಕುರಿ ಮೇಯಿಸುತ್ತಿದ್ದವರು ಯಾವ ಕರಾರಿನಲ್ಲೂ ಇಲ್ಲ. ಭೂಮಿಯ ಸಂಪತ್ತು ಎಲ್ಲರಿಗಾಗಿ ಇದೆ ಎಂದು ಧರ್ಮಸಭೆ ಬೋಧಿಸುತ್ತದೆ. ಬಡವರ ಕೂಗನ್ನೂ ಭೂಮಿಯ ಕೂಗನ್ನೂ ಒಟ್ಟಿಗೆ ಕೇಳಬೇಕೆಂದು ಪೋಪ್ ಫ್ರಾನ್ಸಿಸ್ 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೆನಪಿಸಿದ್ದಾರೆ. ಕೂಲಿಕಾರನ ಪಾಲನ್ನು ಕೇಳಬೇಕಾದ್ದು ಕರಾರಿಗೆ ಸಹಿ ಬೀಳುವ ಮೊದಲು.

ನಾವು ಮಾಡಬಹುದಾದದ್ದು

ನಮ್ಮ ಪಾಲನಾ ಮಂಡಳಿಗಳು ಮತ್ತು ವಾಳೆಯ ಗುರಿಕಾರರು ಭೂಮಿ ಕೊಟ್ಟ ಮನೆಗಳಿಗೆ ಹೋಗಿ ಮೂರು ವಿಷಯ ವಿಚಾರಿಸಲಿ. ಪರಿಹಾರ, ಉದ್ಯೋಗ ಅಥವಾ ಗುತ್ತಿಗೆಯ ಆದೇಶದ ಪ್ರತಿ ಮನೆಯಲ್ಲಿದೆಯೇ? ಹಿರಿಯರು ತೀರಿಹೋಗಿದ್ದರೆ ವಾರಸುದಾರರ ಹೆಸರು ದಾಖಲೆಗೆ ಬಂದಿದೆಯೇ? ಕಂಪನಿಯ ಹೆಸರು ಬದಲಾಗಿದ್ದರೆ ಬಾಕಿ ಅರ್ಜಿ ಈಗಿನ ಹೆಸರಿಗೆ ಹೋಗಿದೆಯೇ? ಉತ್ತರ 'ಇಲ್ಲ' ಎಂದಾದಲ್ಲಿ ಅರ್ಜಿ ಬರೆದುಕೊಡುವುದೂ ಸೇವೆಯೇ. ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಲು ಮಾತ್ರ ಮರೆಯಬಾರದು.