ಅಮ್ಮನಿಗೆ ಬಂದಿದ್ದು ಮಗಳಿಗೂ ಬರಲೇಬೇಕೇ?

ನಂಜನಗೂಡು, ತಿ. ನರಸೀಪುರದ ಕಡೆ ಒಂದು ಮನೆಯಲ್ಲಿ ಕ್ಯಾನ್ಸರ್ ಕಾಣಿಸಿದರೆ ಒಳಗೆ ಭಯ, ಹೊರಗೆ ಪಿಸುಮಾತು: "ಅವರ ವಂಶದಲ್ಲೇ ಅದೆ, ಹೆಣ್ಣು ತರೋದು ಬ್ಯಾಡ." ಈ ಮಾತಿಗೆ ಹೆದರಿ ಎಷ್ಟೋ ಮನೆಯವರು ಕಾಯಿಲೆಯ ಹೆಸರನ್ನೇ ಮಕ್ಕಳಿಗೆ ಹೇಳುವುದಿಲ್ಲ. ನಷ್ಟವಾಗುವುದು ಅಲ್ಲೇ.

ತಪ್ಪು ಕಲ್ಪನೆ: ಹತ್ತಿರದವರಿಗೆ ಬಂದರೆ ನನಗೂ ಖಚಿತ.
ವಾಸ್ತವ: ಹುಟ್ಟಿನಿಂದ ಬಂದ ಜೀನ್ ದೋಷದಿಂದಾಗುವ ಕ್ಯಾನ್ಸರ್ ಶೇ 5ರಿಂದ 10 ಮಾತ್ರ. ಅಪ್ಪ, ಮಗ ಇಬ್ಬರೂ ಹೊಗೆಸೊಪ್ಪು ಜಗಿದು ಇಬ್ಬರಿಗೂ ಬಾಯಿ ಕ್ಯಾನ್ಸರ್ ಬಂದರೆ ಅದು ಚಟದ ಫಲ, ರಕ್ತದ್ದಲ್ಲ. ಅನುಮಾನ ಪಡಬೇಕಾದದ್ದು ಸ್ತನ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಐವತ್ತಕ್ಕೆ ಮೊದಲೇ ಬಂದಾಗ, ಒಂದೇ ಕಡೆಯ ಇಬ್ಬರು ಮೂವರಿಗೆ ಬಂದಾಗ, ಅಂಡಾಶಯದಲ್ಲಿ ಕಂಡಾಗ, ಗಂಡಸಿಗೇ ಸ್ತನ ಕ್ಯಾನ್ಸರ್ ಆದಾಗ.

ತಪ್ಪು ಕಲ್ಪನೆ: ಸ್ತನ ಕ್ಯಾನ್ಸರ್ ಬರುವುದು ತಾಯಿ ಕಡೆಯಿಂದ.
ವಾಸ್ತವ: ಅತಿ ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. 1994 ಮತ್ತು 1995ರಲ್ಲಿ ಗುರುತಿಸಿದ, ಸ್ತನ ಮತ್ತು ಅಂಡಾಶಯ ಎರಡರ ಕ್ಯಾನ್ಸರಿಗೂ ಸಂಬಂಧಿಸಿದ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್‌ಗಳ ದೋಷ ಅಪ್ಪನಿಂದಲೂ ಅಷ್ಟೇ ಬರುತ್ತದೆ. ಗಂಡಾಗಲಿ ಹೆಣ್ಣಾಗಲಿ, ಪ್ರತಿ ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ನಮ್ಮಲ್ಲಿ ಬನ್ನೂರಿಗೋ ತಲಕಾಡಿಗೋ ಮದುವೆಯಾಗಿ ಹೋದ ಸೋದರತ್ತೆ ಗಂಡನ ಮನೆಯವಳಾಗಿಬಿಡುತ್ತಾಳೆ. ಅವಳು ನಲವತ್ತರಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡದ್ದನ್ನು ಅಣ್ಣನ ಮಗಳು ವೈದ್ಯರಿಗೆ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ. ಅವಳು ನಿಮ್ಮ ತಂದೆಯ ಒಡಹುಟ್ಟು. ಗೋತ್ರ ಬದಲಾಗಬಹುದು, ಜೀನ್ ಬದಲಾಗದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಂತೂ ಎರಡೂ ಕಡೆಯ ಹಿರಿಯರಲ್ಲಿ ಕೆಲವರು ಒಬ್ಬರೇ, ಆದ್ದರಿಂದ ಎರಡೂ ಕಡೆ ವಿಚಾರಿಸಿ.

ತಪ್ಪು ಕಲ್ಪನೆ: ನಮ್ಮಲ್ಲಿ ಯಾರಿಗೂ ಇಲ್ಲ, ನನಗೆ ಬರಲ್ಲ.
ವಾಸ್ತವ: ಸ್ತನ ಕ್ಯಾನ್ಸರ್ ಬಂದ ಹೆಚ್ಚಿನ ಹೆಂಗಸರ ಮನೆಯಲ್ಲಿ ಮೊದಲು ಯಾರಿಗೂ ಇರುವುದಿಲ್ಲ. ಮೂವತ್ತು ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ತಪ್ಪು ಕಲ್ಪನೆ: ನಾನೊಂದು ಜೀನ್ ಪರೀಕ್ಷೆ ಮಾಡಿಸಿದರೆ ಸಾಕು.
ವಾಸ್ತವ: ಸಾಧ್ಯವಾದರೆ ಪರೀಕ್ಷೆ ಶುರುವಾಗಬೇಕಾದದ್ದು ಕಾಯಿಲೆ ಬಂದವರಿಂದ. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು. ಆರೋಗ್ಯವಂತರನ್ನಷ್ಟೇ ಪರೀಕ್ಷಿಸಿ ಏನೂ ಸಿಗದಿದ್ದರೆ ನಿಶ್ಚಿಂತೆಯಿಂದಿರಲು ಅದು ಸಾಲದು. ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಕೊಟ್ಟ ಬಯಾಪ್ಸಿ ವರದಿಯನ್ನು, ಕಾಯಿಲೆ ಬಂದವರು ತೀರಿಕೊಂಡ ಮೇಲೂ, ಎಸೆಯಬೇಡಿ. "ಹೊಟ್ಟೆಯಲ್ಲಿ ಗಡ್ಡೆ" ಎಂಬ ನೆನಪಿನಿಂದ ಅದು ಕರುಳಿನದೋ ಅಂಡಾಶಯದ್ದೋ ತಿಳಿಯದು. ವಯಸ್ಸನ್ನೂ ಬರೆದಿಡಿ: ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ 45ಕ್ಕೆ ಬಂದಿದ್ದರೆ ಮಕ್ಕಳ ಕೊಲೊನೋಸ್ಕೋಪಿ (ದೊಡ್ಡ ಕರುಳಿನ ಒಳಗನ್ನು ನೋಡುವ ಪರೀಕ್ಷೆ) ಹತ್ತು ವರ್ಷ ಮೊದಲು, 35ಕ್ಕೇ ಶುರುವಾಗಬೇಕು.