ಗಡ್ಡೆ ಎಲ್ಲಿ ಕೂತಿದೆ?

ಮಧುಗಿರಿಯಲ್ಲೋ ಶಿರಾದಲ್ಲೋ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದವರ ಬಾಯಲ್ಲಿ ಮೊದಲು ಬರುವುದು ಸೆಂಟಿಮೀಟರ್ ಲೆಕ್ಕ. ‘ನಾಲ್ಕು ಸೆಂಟಿಮೀಟರ್ ಗಡ್ಡೆ ಐತಂತೆ’ ಎಂದ ಕೂಡಲೇ ಮನೆಯಲ್ಲಿ ಎರಡು ದಿಗಿಲು: ಇದು ಕ್ಯಾನ್ಸರೇ? ಇನ್ನು ಮಕ್ಕಳಾಗುವುದಿಲ್ಲವೇ?

ಮೊದಲನೆಯದನ್ನು ಬೇಗ ಮುಗಿಸಬಹುದು. ಇಲ್ಲಿ ಹೇಳುತ್ತಿರುವ ಗಡ್ಡೆ ಫೈಬ್ರಾಯ್ಡ್, ಎಂದರೆ ಗರ್ಭಕೋಶದ ಸ್ನಾಯುವಿನ ಒಂದೇ ಜೀವಕೋಶದಿಂದ ಬೆಳೆದ ನಾರುಗಡ್ಡೆ. ಅದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಹತ್ತರಲ್ಲಿ ಸುಮಾರು ಏಳು ಗಡ್ಡೆಗಳಲ್ಲಿ ಎಂಇಡಿ12 ಎಂಬ ಜೀನು ಕೆಟ್ಟಿರುತ್ತದೆಂದು ಫಿನ್ಲೆಂಡಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಮುಟ್ಟು ನಿಂತ ಮೇಲೆ ಗಡ್ಡೆ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ.

ಎರಡನೆಯದಕ್ಕೆ ಉತ್ತರ ಸೆಂಟಿಮೀಟರಿನಲ್ಲಿಲ್ಲ, ಗಡ್ಡೆ ಕೂತ ಜಾಗದಲ್ಲಿದೆ. ವೈದ್ಯರು ಈ ಜಾಗಗಳಿಗೆ 0ಯಿಂದ 8ರವರೆಗೆ ನಂಬರು ಕೊಟ್ಟಿದ್ದಾರೆ. 0, 1, 2 ಅಂದರೆ ಮಗು ಕೂರುವ ಒಳಕೋಣೆಗೇ ಚಾಚಿದವು. 3, 4 ಗೋಡೆಯೊಳಗಿನವು. 5ರಿಂದ 7 ಹೊರಮೈ ಕಡೆಯವು. ಹೊರಮೈಯ ಗಡ್ಡೆ ಸಾಕಷ್ಟು ದೊಡ್ಡದಿದ್ದರೂ ಸಾಮಾನ್ಯವಾಗಿ ಪ್ರನಾಳ ಶಿಶು ಚಿಕಿತ್ಸೆಯಾದ ಐವಿಎಫ್‌ಗೆ ಅಡ್ಡಿಯಿಲ್ಲ. ಒಳಕೋಣೆಯಲ್ಲಿ ಕಡಲೆಕಾಯಿಯಷ್ಟಿರುವುದೂ ತೊಂದರೆ ಕೊಡಬಲ್ಲದು. ಅದು ಜಾಗ ಹಿಡಿಯುವುದಷ್ಟೇ ಅಲ್ಲ. ಅದರಿಂದ ಹೊರಡುವ ಟಿಜಿಎಫ್-ಬೀಟಾ 3 ಎಂಬ ಪ್ರೋಟೀನು ಇಡೀ ಒಳಪದರಕ್ಕೆ ಹರಡಿ, ಭ್ರೂಣ ಅಂಟಿಕೊಳ್ಳಲು ಬೇಕಾದ ಹಾಕ್ಸ್‌ಎ10 ಜೀನಿನ ಕೆಲಸವನ್ನು ತಗ್ಗಿಸುತ್ತದೆ. ಗಡ್ಡೆ ಒಂದು ಮೂಲೆಯಲ್ಲಿದ್ದರೂ ಎದುರು ಗೋಡೆಗೂ ಅದರ ಬಾಧೆ ತಪ್ಪದು.

ಇಂಥದ್ದನ್ನು ತೆಗೆಯಲು ಹೊಟ್ಟೆ ಕೊಯ್ಯಬೇಕಿಲ್ಲ. ಯೋನಿಯ ಮೂಲಕ ತೆಳ್ಳನೆಯ ದುರ್ಬೀನು ಒಳಗೆ ಬಿಟ್ಟು, ದ್ರವ ತುಂಬಿ ಕೋಣೆಯನ್ನು ಅಗಲಿಸಿ, ತಂತಿಯ ಕುಣಿಕೆಯಿಂದ ಗಡ್ಡೆಯನ್ನು ಚೂರುಚೂರಾಗಿ ಹೆರೆಯುತ್ತಾರೆ. ಗರ್ಭ ನಿಲ್ಲುವ ಸಾಧ್ಯತೆ ಇದರಿಂದ ಹೆಚ್ಚುತ್ತದೆ.

ತಲೆನೋವು ಗೋಡೆಯೊಳಗಿನ ಗಡ್ಡೆಯದು. 2010ರಲ್ಲಿ 19 ಅಧ್ಯಯನಗಳ 6,087 ಐವಿಎಫ್ ಸರದಿಗಳನ್ನು ಒಟ್ಟಿಗಿಟ್ಟು ನೋಡಿದಾಗ, ಒಳಕೋಣೆಯನ್ನು ಒತ್ತದ ಗೋಡೆಗಡ್ಡೆ ಇದ್ದವರಲ್ಲೂ ಮಗು ಕೈಗೆ ಬರುವ ಪ್ರಮಾಣ ಉಳಿದವರಿಗಿಂತ ಶೇ 21ರಷ್ಟು ಕಡಿಮೆ ಇತ್ತು. ಹಾಗಾದರೆ ತೆಗೆಸಿಬಿಡಬಹುದಲ್ಲ? ತೆಗೆಸಿದರೆ ಫಲ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಮೇಲಾಗಿ ಹೊಲಿಗೆ ಮಾಯಲು ಕೆಲವು ತಿಂಗಳು ಕಾಯಬೇಕು, ಮುಂದೆ ಸಿಸೇರಿಯನ್ ಆಗಬೇಕಾಗಬಹುದು. ಮೂವತ್ತೆಂಟರ ಹೆಣ್ಣಿಗೆ ಆ ಕೆಲವು ತಿಂಗಳೇ ದುಬಾರಿ, ಏಕೆಂದರೆ ಐವಿಎಫ್ ಗೆಲ್ಲುವುದು ಸೋಲುವುದು ಗಡ್ಡೆಗಿಂತ ಹೆಚ್ಚಾಗಿ ಅಂಡಾಣುವಿನ ವಯಸ್ಸಿನ ಮೇಲೆ.

ಗಡ್ಡೆಯ ನೆಪದಲ್ಲಿ ಗರ್ಭಕೋಶವನ್ನೇ ತೆಗೆಸುವ ಮಾತೂ ಬರುತ್ತದೆ. ನಮ್ಮ ಪಾವಗಡದ ಮೂರು ಕಡೆಗೂ ಆಂಧ್ರ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನೊಳಗೇ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಹೆಚ್ಚಿದ್ದದ್ದು ಅಲ್ಲೇ, ಸುಮಾರು ಶೇ 9. ‘ಗಡ್ಡೆ ಐತೆ, ತೆಗೆಸಿಬಿಡಮ್ಮ’ ಎಂಬ ಸಲಹೆ ಎಲ್ಲೇ ಸಿಕ್ಕರೂ, ಮಕ್ಕಳು ಬೇಕೆನ್ನುವವಳು ಇನ್ನೊಬ್ಬ ತಜ್ಞರಿಗೆ ತೋರಿಸದೆ ಒಪ್ಪಬಾರದು. ಗರ್ಭಕೋಶ ಹೋದ ಮೇಲೆ ಯಾವ ಐವಿಎಫ್ ಕೂಡ ಅವಳ ಒಡಲಲ್ಲಿ ಮಗುವನ್ನು ಬೆಳೆಸಲಾರದು.

ಕೊರಟಗೆರೆಯ ಸಿದ್ದರಬೆಟ್ಟದ ಗಿಡಮೂಲಿಕೆಗೆ ದೊಡ್ಡ ಹೆಸರಿದೆ. ಆದರೆ ಕಷಾಯ ಕುಡಿದರೆ ನಾರುಗಡ್ಡೆ ಕರಗುತ್ತದೆಂದು ಸಾಬೀತಾಗಿಲ್ಲ. ಇನ್ನೊಂದು ಮಾತು: ಗಡ್ಡೆ ಸಿಕ್ಕಿತೆಂದು ದೋಷವನ್ನೆಲ್ಲ ಹೆಂಡತಿಯ ತಲೆಗೆ ಕಟ್ಟಿ ಗಂಡನ ವೀರ್ಯ ಪರೀಕ್ಷೆಯನ್ನೇ ಬಿಡುವ ಮನೆಗಳಿವೆ. ಆಪರೇಷನ್ನಿನ ದಿನ ಗೊತ್ತು ಮಾಡುವ ಮೊದಲೇ ಆ ಪರೀಕ್ಷೆ ಆಗಿರಬೇಕು.